ಕಂಪೌಂಡರ್ ಸಾಹೇಬರ ತಪಾಸಣೆ

ನಾಗಪುರ
೩ ಫೆಬ್ರವರಿ ೧೯೮೫

ವಹಾಬ್ ಸಾಹೇಬರಿಗೆ ತ್ರ್ಯಂಬಕನ ನಮಸ್ಕಾರಗಳು.

ಜಯಪುರದ ಬಸ್ ಏಜೆಂಟ್ ಗಣಪಯ್ಯನವರ ಸೋದರಳಿಯ ಎಂದರೆ ನಿಮಗೆ ಗುರುತು ಹತ್ತುತ್ತದೆ. ಪೇರಳೆ ಮರದಿಂದ ಬಿದ್ದು ಕೈ ಮುರಿದುಕೊಂಡು ಬಂದಾಗ ಎನ್.ಆರ್. ಪುರದ ಆಸ್ಪತ್ರೆಯಲ್ಲಿ ನನ್ನನ್ನು ಮೊದಲು ಚೆನ್ನಾಗಿ ಬೈದು ಆಮೇಲೆ ಪಟ್ಟಿ ಕಟ್ಟಿದವರು ನೀವು.

ಮಾವನಿಗೆ ಅನ್ನನಾಳದ ಕ್ಯಾನ್ಸರ್. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಮನೆಯಲ್ಲಿ ಯಾರಿದ್ದಾರೆ? ಅತ್ತೆ ತೀರಿಕೊಂಡು ವರ್ಷಗಳಾದವು, ಮಕ್ಕಳಿಲ್ಲ. ಪಕ್ಕದ ಮನೆಯ ವಾಸಪ್ಪ ಅವರನ್ನು ಕೊಪ್ಪದಲ್ಲಿ ಹೊಸದಾಗಿ ಶುರುವಾದ 'ಆರೈಕೆ ಮನೆ'ಗೆ ಸೇರಿಸಿದ್ದಾನೆ. ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗವಂತೆ. ಇಂಥದ್ದನ್ನು ನಾನು ಎಲ್ಲಿಯೂ ಕೇಳಿಲ್ಲ. ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದ್ದು ಮಾವ. ಅವರು ಬಸ್ಸಿನ ಮೈ ತಟ್ಟಿ 'ರೈಟ್' ಎಂದರೆ ಜಯಪುರದ ಪೇಟೆಗೆಲ್ಲ ಕೇಳುತ್ತಿತ್ತು. ಅಂಥವರು ಯಾವುದೋ ಮೂಲೆಯಲ್ಲಿ ಹೇಳಕೇಳುವವರಿಲ್ಲದೆ ಮಲಗಿದ್ದರೆ ನಾನು ಇಲ್ಲಿ ಅನ್ನ ತಿಂದೂ ಪ್ರಯೋಜನವಿಲ್ಲ. ಆದರೆ ರೈಲ್ವೆ ಲೆಕ್ಕಪತ್ರ ವಿಭಾಗದಲ್ಲಿ ಮಾರ್ಚ್ ಮುಗಿಯುವವರೆಗೆ ರಜೆ ಎಂಬ ಮಾತೆತ್ತುವ ಹಾಗಿಲ್ಲ.

ನೀವು ಒಮ್ಮೆ ಹೋಗಿ ನೋಡಿ ಬರಬೇಕು. ಆಸ್ಪತ್ರೆಗಳ ಒಳಹೊರಗು ಬಲ್ಲವರು, ಯಾರ ಮುಲಾಜಿಗೂ ಬೀಳುವವರಲ್ಲ. ನೋಡಿಕೊಳ್ಳುವುದು ಬಿಲ್ಕಿಸ್ ಎಂಬ ಸಿಸ್ಟರ್ ಅಂತೆ. ಗುರುತಿದ್ದರೆ ತಿಳಿಸಿ. ಜಾಗ ಸರಿಯಿಲ್ಲದಿದ್ದರೆ ಮಂಗಳೂರಿನಲ್ಲಿ ಒಂದು ಒಳ್ಳೆಯ ನರ್ಸಿಂಗ್ ಹೋಂ ವಿಚಾರಿಸಿಟ್ಟಿದ್ದೇನೆ. ನಿಮ್ಮ ಮಾತಿನ ಮೇಲೆ ನಿರ್ಧಾರ ಮಾಡುತ್ತೇನೆ.

ನಿಮ್ಮ
ತ್ರ್ಯಂಬಕ


೭೮೬
ನರಸಿಂಹರಾಜಪುರ
೧೪ ಫೆಬ್ರವರಿ ೧೯೮೫

ಪ್ರಿಯ ತ್ರ್ಯಂಬಕನಿಗೆ ದುವಾ.

ನಿನ್ನ ಕಾಗದ ಬಂತು, ಕೊಪ್ಪಕ್ಕೆ ಹೋಗಿ ಬಂದೆ. ಮುಂಚಿತವಾಗಿ ತಿಳಿಸಿರಲಿಲ್ಲ. ತಿಳಿಸಿ ಹೋದರೆ ಎಂಥ ಜಾಗವೂ ಚೊಕ್ಕಟವಾಗಿಯೇ ಇರುತ್ತದೆ.

ಕಾಫಿ ತೋಟದ ಕಮಲಕ್ಕ ಎಂಬವರು ತೋಟದ ಲೆಕ್ಕ ಬರೆಯುವ ರೈಟರು ಇರುತ್ತಿದ್ದ ತಮ್ಮ ಹಳೆಯ ಬಂಗಲೆಯನ್ನು ಇದಕ್ಕೆ ಬಿಟ್ಟುಕೊಟ್ಟಿದ್ದಾರೆ. ಕಮಿಟಿಗೆ ಅವರೇ ಅಧ್ಯಕ್ಷೆ. ಆರು ಮಂಚ. ಶೃಂಗೇರಿಯಿಂದ ಡಾಕ್ಟರು ವಾರಕ್ಕೆ ಎರಡು ಸಲ ಬರುತ್ತಾರೆ. ಉಳಿದದ್ದೆಲ್ಲ ಸಿಸ್ಟರ್ ಮತ್ತು ಇಬ್ಬರು ಆಯಾಗಳ ಮೇಲೆ.

ಈಗ ಕೊರತೆಗಳು. ಒಳಗೆ ಕಾಲಿಟ್ಟರೆ ಫಿನೈಲ್ ವಾಸನೆ ಬರಬೇಕಾದಲ್ಲಿ ಒಗ್ಗರಣೆ ವಾಸನೆ ಬರುತ್ತದೆ. ಸಿಸ್ಟರ್ ರೋಗಿಯ ಮಂಚದ ಮೇಲೆಯೇ ಕುಳಿತು ಮಾತಾಡುತ್ತಾರೆ. ನಮ್ಮ ಕಾಲದ ಮೇಟ್ರನ್ ಕಂಡಿದ್ದರೆ ಕಿವಿ ಹಿಂಡುತ್ತಿದ್ದರು. ನಿನ್ನ ಮಾವ ಊಟ ಬೇಡವೆಂದರೆ ಆಕೆ ಒತ್ತಾಯ ಮಾಡುವುದಿಲ್ಲ. ನಾನೇ ಗಂಜಿ ಕುಡಿಸಲು ಹೋದರೆ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಆಚೆ ಇಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಾಯಿಲೆಯ ಮನುಷ್ಯನ ಅಂಗೈಯಲ್ಲಿ ಅಡಿಕೆ ಹೋಳು! ಕೇಳಿದರೆ, "ಕೈಯಲ್ಲಿ ಇಟ್ಕೊಂಡಿರ್ಲಿ ಬಿಡಿ" ಎಂಬ ಉತ್ತರ.

ಸಿಸ್ಟರ್ ಬಗ್ಗೆ ಕೇಳಿದ್ದೀಯೆ. ಮಂಗಳೂರಿನಲ್ಲಿ ಕಲಿತು, ಬೆಂಗಳೂರಿನ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿ ಬಂದವರು. ಮನೆತನ ಗೊತ್ತು. ತಾಯಿ ಬಹಳ ಒಳ್ಳೆಯ ಹೆಂಗಸು. ತಂದೆ ಸ್ವಲ್ಪ ಮುಂಗೋಪಿ ಎನ್ನುತ್ತಾರೆ. ಇದಕ್ಕಿಂತ ಹೆಚ್ಚು ನಾನು ಹೇಳುವುದು ಸರಿಯಲ್ಲ.

ನಿನ್ನ ಮಾವ ನನ್ನನ್ನು ನೋಡಿ ಬಹಳ ನಕ್ಕರು. ನಾನು ಮಂಚದ ಕೆಳಗೆ ಬಗ್ಗಿ ನೋಡುವಾಗ ಇನ್ನೂ ಜಾಸ್ತಿ ನಕ್ಕರು.

ಒಟ್ಟಿನಲ್ಲಿ ಪಾಸು. ಅಷ್ಟೇ.

ಅಬ್ದುಲ್ ವಹಾಬ್
ನಿವೃತ್ತ ಕಂಪೌಂಡರ್


ನಾಗಪುರ
೨೩ ಫೆಬ್ರವರಿ ೧೯೮೫

ಸಾಹೇಬರೇ,

ನಿಮ್ಮ ಕಾಗದ ಓದಿ ನನ್ನ ಹೆಂಡತಿ, "ಪಾಸು ಅಂದ್ರಲ್ಲ, ಸಾಕು ಬಿಡಿ" ಎಂದಳು. ನನಗೆ ಸಾಕಾಗಲಿಲ್ಲ. ಮೂರು ಜನರ ಊಟ ಒಬ್ಬರೇ ಮಾಡುತ್ತಿದ್ದ ಮನುಷ್ಯ ಉಣ್ಣುವುದಿಲ್ಲ ಎಂದರೆ ಉಣ್ಣಿಸಬೇಕಲ್ಲವೇ? ಆರೈಕೆ ಎಂದರೆ ಮತ್ತೇನು? ಜೊತೆಗೆ ಅಡಿಕೆ ಬೇರೆ. ಆ ಅಡಿಕೆ, ಹೊಗೆಸೊಪ್ಪಿನಿಂದಲೇ ಈ ಗತಿಯಾಯಿತೆಂದು ಡಾಕ್ಟರರು ಹೇಳಿರುವಾಗ!

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ವಾಸಪ್ಪನ ಕಾರ್ಡು ಬಂದಿದೆ. ಸಂತೆಯ ದಿನ ಮಾವನನ್ನು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಂಡನಂತೆ. ಎದ್ದು ಕೂರಲಾರದವರನ್ನು ಆ ಧೂಳಿಗೆ, ಆ ಗದ್ದಲಕ್ಕೆ ಯಾರು ಹೊತ್ತು ತಂದರು? ಏಕೆ ತಂದರು? ವಾಸಪ್ಪ ನಿಂತು ವಿಚಾರಿಸದೆ ಬಸ್ಸು ಹತ್ತಿದ್ದಾನೆ.

ದಯವಿಟ್ಟು ಇನ್ನೊಮ್ಮೆ ಹೋಗಿ. ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಕೊಡುತ್ತಾರೆಯೇ ನೋಡಿ. ಈ ಸಿಸ್ಟರ್ ಕೆಲಸ ಬಲ್ಲವರೋ, ಬರೀ ಬಾಯಿಮಾತಿನವರೋ, ನನಗೆ ಖಚಿತವಾಗಿ ಬೇಕು.

ತ್ರ್ಯಂಬಕ


೭೮೬
ನರಸಿಂಹರಾಜಪುರ
೫ ಮಾರ್ಚ್ ೧೯೮೫

ಪ್ರಿಯ ತ್ರ್ಯಂಬಕ,

ಎರಡನೇ ಸಲ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದೆ. ಚಹಾ ಕೊಟ್ಟರು, ಕುಡಿಯಲಿಲ್ಲ. ತಪಾಸಣೆಗೆ ಹೋದವನು ಕುಡಿಯಬಾರದು.

ವಾಸಪ್ಪ ಬರೆದದ್ದು ನಿಜ. ಸಿಸ್ಟರ್ ಯಾರ ಅಪ್ಪಣೆಯನ್ನೂ ಕೇಳದೆ ನಿನ್ನ ಮಾವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ, ಆರಾಮಕುರ್ಚಿ ಹಾಕಿ ಕೂರಿಸಿದ್ದಾರೆ. ಡ್ರೈವರ್, ಕಂಡಕ್ಟರುಗಳೆಲ್ಲ ಬಂದು ಸುತ್ತುಗಟ್ಟಿದರಂತೆ. ನಿನ್ನ ಮಾವ ಕೈ ಎತ್ತುವವರೆಗೆ ಶೃಂಗೇರಿ ಬಸ್ಸು ಹೊರಡಲಿಲ್ಲವಂತೆ, ಜಯಪುರದ ಬಸ್ಸೂ ಹೊರಡಲಿಲ್ಲವಂತೆ. ಇದರಿಂದ ಪ್ರಯಾಣಿಕರಿಗೆ ತಡವಾಯಿತು. ರೋಗಿಗೆ ಧೂಳು ತಾಗಿತು. ನಿಯಮದ ಪ್ರಕಾರ ಇದು ತಪ್ಪು.

ಇನ್ನೊಂದು. ನಿನ್ನ ಮಾವನನ್ನು ನೋಡಲು ಕಡಹಿನಬೈಲಿನಿಂದ ನೆಂಟರೊಬ್ಬರು ಬಂದಿದ್ದರು. ಹೊರಡುವಾಗ, ಸಾವಿನ ಮನೆಯಿಂದ ಹೊರಡುವವರ ಹಾಗೆ, ಹೇಳದೆ ಕೇಳದೆ ಮೆಲ್ಲಗೆ ಎದ್ದು ಬಂದರು. ಸಿಸ್ಟರ್ ಬಾಗಿಲಲ್ಲೇ ಅಡ್ಡ ನಿಂತರು. "ಅವ್ರಿನ್ನೂ ಇದಾರೆ. ಒಳಗೆ ಹೋಗಿ, ಬರ್ತೀನಿ ಅಂತ ಹೇಳಿ ಬನ್ನಿ" ಎಂದು ಆ ಹಿರಿಯರನ್ನು ವಾಪಸು ಕಳಿಸಿದರು. ವಯಸ್ಸಾದವರಿಗೆ ಹಾಗೆ ಹೇಳಬಹುದೇ? ದರ್ಪ ಸ್ವಲ್ಪ ಜಾಸ್ತಿ.

ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತಿದೆ. ಅದು ಆಕೆಯ ಕರ್ತವ್ಯ. ಕರ್ತವ್ಯಕ್ಕೆ ಶಭಾಷ್ ಹೇಳುವ ಪದ್ಧತಿ ನನ್ನಲ್ಲಿಲ್ಲ.

ನನ್ನ ಹೆಂಡತಿ ಅಮೀರ್ ಬೀ ಈ ಕಾಗದವನ್ನು ಓದಿಸಿ ಕೇಳಿ, ಅಂಚೆಗೆ ಹಾಕಬೇಡಿ ಎಂದು ಗಲಾಟೆ ಮಾಡುತ್ತಿದ್ದಾಳೆ. ಆದರೂ ಹಾಕುತ್ತಿದ್ದೇನೆ.

ಅಬ್ದುಲ್ ವಹಾಬ್
ನಿವೃತ್ತ ಕಂಪೌಂಡರ್


ನಾಗಪುರ
೧೨ ಮಾರ್ಚ್ ೧೯೮೫

ಸಾಹೇಬರೇ,

ಇನ್ನು ಯೋಚಿಸುವುದೇನೂ ಉಳಿದಿಲ್ಲ. ನಿಮ್ಮಷ್ಟು ಕಟ್ಟುನಿಟ್ಟಾಗಿ ನೋಡಿ ಬರೆಯುವವರು ಇನ್ನೊಬ್ಬರು ಸಿಗಲಾರರು. ನಿಮಗೆ ಋಣಿ.

ಮಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಕೋಣೆ ಗೊತ್ತುಮಾಡಿದ್ದೇನೆ. ಇಪ್ಪತ್ತೈದನೇ ತಾರೀಖು ಬೆಳಿಗ್ಗೆ ಕಾರು ಕೊಪ್ಪಕ್ಕೆ ಬರುತ್ತದೆ. ಮಾವನಿಗೆ ನೀವೇ ಸಮಾಧಾನ ಹೇಳಿ ಹತ್ತಿಸಿಕೊಡಬೇಕು.

ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ನನ್ನ ಮಾವನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಅಧ್ಯಕ್ಷೆ ಕಮಲಕ್ಕನವರಿಗೆ ದೂರು ಬರೆದಿದ್ದೇನೆ. ಊಟ ಹಾಕದಿರುವುದು, ಅಡಿಕೆ ಕೊಡುವುದು, ಸಂತೆಗೆ ಹೊತ್ತು ತರುವುದು, ಹಿರಿಯರ ಮೇಲೆ ದರ್ಪ ತೋರುವುದು, ಎಲ್ಲವನ್ನೂ ನಿಮ್ಮ ವಾಕ್ಯಗಳಲ್ಲೇ, ಕರ್ತವ್ಯಕ್ಕೆ ಶಭಾಷ್ ಇಲ್ಲ ಎಂಬ ಸಾಲನ್ನೂ ಬಿಡದೆ, ಬರೆದಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ಆ ಸಿಸ್ಟರನ್ನು ಬದಲಾಯಿಸಬೇಕೆಂದು ಕೇಳಿದ್ದೇನೆ.

ತ್ರ್ಯಂಬಕ


೭೮೬
ನರಸಿಂಹರಾಜಪುರ
೧೮ ಮಾರ್ಚ್ ೧೯೮೫
(ಎಕ್ಸ್‌ಪ್ರೆಸ್ ಡೆಲಿವರಿ)

ತ್ರ್ಯಂಬಕ,

ಕಾರು ಕಳಿಸಬೇಡ ಎಂದು ಇವತ್ತು ಬೆಳಿಗ್ಗೆ ಕೊಟ್ಟ ಟೆಲಿಗ್ರಾಂ ನಿನಗೆ ಮುಟ್ಟಿರಬೇಕು. ಅದರಲ್ಲಿ ಎಲ್ಲ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಬಿಲ್ಕಿಸ್ ನನ್ನ ಮಗಳು.

ನೀನು ಕೈ ಮುರಿದುಕೊಂಡು ಬಂದಾಗ ಇನ್ನೂ ಹುಟ್ಟಿರಲಿಲ್ಲ, ನಿನಗೆ ಗೊತ್ತಿರಲು ಸಾಧ್ಯವಿಲ್ಲ. ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ಬರೆದಿದ್ದರೆ ನೀನು, 'ಅಪ್ಪ ಮಗಳಿಗೆ ಪಾಸು ಹಾಕಿದ' ಎಂದುಕೊಳ್ಳುತ್ತಿದ್ದೆ. ಹೆತ್ತವರು ಮಕ್ಕಳನ್ನು ಇನ್ನೊಬ್ಬರ ಮುಂದೆ ಹೊಗಳಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮಲ್ಲೂ ನಿಮ್ಮಲ್ಲೂ ಒಂದೇ. ನಿನ್ನ ಮಾವ ನಿನ್ನನ್ನು ಎದುರಿಗೆ ಎಂದಾದರೂ ಹೊಗಳಿದ್ದುಂಟೇ? ನಿನಗೆ ರೈಲ್ವೆ ಕೆಲಸ ಸಿಕ್ಕಿದ ದಿನ ನಿನ್ನ ಹತ್ತಿರ, "ಆಯ್ತಲ್ಲ, ಹೋಗಿ ಸ್ನಾನ ಮಾಡು" ಎಂದರಂತೆ. ಅದೇ ಸಂಜೆ ಬಸ್ಸಿನಲ್ಲಿ ನನ್ನನ್ನೂ ಸೇರಿಸಿ ಎಲ್ಲರಿಗೂ ಪೆಪ್ಪರಮಿಂಟು ಹಂಚಿದ್ದರು. ನಾನೂ ಆ ಜಾತಿಯ ಮನುಷ್ಯ. ಇದ್ದ ಒಳ್ಳೆಯದನ್ನೆಲ್ಲ ನುಂಗಿಕೊಂಡು ನಿನಗೆ ಹುಳುಕು ಮಾತ್ರ ಬರೆದೆ. ನೀನು ಅದನ್ನು ನಂಬಿದೆ.

ಈಗ ಕೇಳು. ನಿನ್ನ ಮಾವನ ಗಂಟಲು ಮುಚ್ಚುತ್ತಾ ಬಂದಿದೆ. ಒತ್ತಾಯದಿಂದ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ಕೈಯಿಂದ ಬಟ್ಟಲು ಕಿತ್ತಿಟ್ಟದ್ದು ಅದಕ್ಕೆ. ಎಳನೀರಿನಲ್ಲಿ ಹತ್ತಿ ಅದ್ದಿ ಅವಳು ತುಟಿ ಒದ್ದೆ ಮಾಡುವಾಗ ಅವರು ಕಣ್ಣುಮುಚ್ಚಿ ಸವಿಯುತ್ತಾರೆ, ನಾನು ನೋಡಿದ್ದೇನೆ. ಮಂಚದ ಮೇಲೆ ಕೂರುವುದು ಅವರ ದನಿ ಈಗ ಪಿಸುಮಾತಿಗೆ ಇಳಿದಿರುವುದರಿಂದ. ಕಿವಿಯನ್ನು ಬಾಯಿಯ ಹತ್ತಿರ ತರಬೇಕಾದರೆ ಇನ್ನೆಲ್ಲಿ ಕೂರಬೇಕು? ಅಡಿಕೆ ತಿನ್ನಲು ಕೊಟ್ಟದ್ದಲ್ಲ. ಜೀವಮಾನವಿಡೀ ಅಡಿಕೆ ಹಿಡಿದ ಕೈ, ಹಿಡಿದುಕೊಂಡರೆ ನಿದ್ದೆ ಬರುತ್ತದಂತೆ. ಬಸ್ ಸ್ಟ್ಯಾಂಡಿಗೆ ಹೋಗಬೇಕೆಂದು ಕೇಳಿದ್ದೂ ಅವರೇ. ಡಾಕ್ಟರಿಗೆ ಗೊತ್ತಿತ್ತು. ಅಪ್ಪಣೆ ಕೇಳಲಿಲ್ಲ ಎಂದು ನಾನು ಬರೆದದ್ದು ಅವಳು ನನ್ನನ್ನು ಕೇಳಲಿಲ್ಲ ಎಂಬ ಅರ್ಥದಲ್ಲಿ. ನನ್ನನ್ನು ಏಕೆ ಕೇಳಬೇಕಿತ್ತೋ ನನಗೇ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಸರ್ವಿಸ್ ಪೂರ್ತಿ ಔಷಧಿ ಕಲಸಿದವನು ನಾನು. ಇನ್ನು ಆಗದು ಎಂದ ರೋಗಿಯ ಹಾಸಿಗೆಯನ್ನು ನಾವೆಲ್ಲ ಬಳಸಿ ದಾಟಿಕೊಂಡು ಹೋಗುತ್ತಿದ್ದೆವು. ನನ್ನ ಮಗಳು ಅಲ್ಲಿಗೇ ಹೋಗಿ ಕೂರುತ್ತಾಳೆ. ಅವಳ ಹಾಗೆ ಕೆಲಸ ಮಾಡುವವರನ್ನು ನಾನು ಕಂಡಿಲ್ಲ ಮಾರಾಯ. ಕಂಡಿಲ್ಲ. ಬರೆದುಬಿಟ್ಟೆ, ದೃಷ್ಟಿಯಾದರೆ ಆಗಲಿ.

ನಿನ್ನೆ ಕೊಪ್ಪಕ್ಕೆ ಓಡಿ, ಮಂಗಳೂರಿಗೆ ಹೋಗುತ್ತೀರಾ ಎಂದು ನಿನ್ನ ಮಾವನನ್ನು ಕೇಳಿದೆ. ಬಸ್ಸು ನಿಲ್ಲಿಸುವ ಹಾಗೆ ಅಂಗೈ ಎತ್ತಿ ತೋರಿಸಿದರು. ಅಮೀರ್ ಬೀ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ನಿಮ್ಮ ದೊಡ್ಡಸ್ತಿಕೆಗೆ ಮಗಳ ಕೆಲಸ ಕಳೆದ್ರಿ" ಎಂದದ್ದೇ ಕೊನೆ. ಆ ದೂರನ್ನು ವಾಪಸು ತೆಗೆದುಕೋ. ಇದು ನನ್ನ ಪ್ರಾರ್ಥನೆ.

ವಹಾಬ್


ನಾಗಪುರ
೨೫ ಮಾರ್ಚ್ ೧೯೮೫

ಸಾಹೇಬರೇ,

ಕಾರು ನಿಲ್ಲಿಸಿದ್ದೇನೆ. ದೂರು ನಿಲ್ಲಿಸಿಲ್ಲ.

ನಾನು ಈಗ ಯಾವ ವಹಾಬ್ ಸಾಹೇಬರನ್ನು ನಂಬಲಿ? ಮುಚ್ಚಿಟ್ಟು ಬರೆದವರನ್ನೋ, ಮಗಳಿಗೆ ಕಷ್ಟ ಬಂತೆಂದು ಬಿಚ್ಚಿ ಬರೆದವರನ್ನೋ? ನನ್ನ ಮಾವನ ಕೊನೆಯ ದಿನಗಳು ಇವು. ಇನ್ನೊಂದು ಸಲ ಸಿಗುವಂಥದ್ದಲ್ಲ. ಸಾಕ್ಷಿ ಹೇಳುವವರು ಮೊದಲು ತಾವು ಯಾರೆಂದು ಹೇಳಬೇಕಿತ್ತು.

ಪೆಪ್ಪರಮಿಂಟಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಒಂದನೇ ತಾರೀಖು ಹೊರಡುತ್ತೇನೆ. ರಜೆ ಸಿಗಲಿ ಬಿಡಲಿ. ನನ್ನ ಕಣ್ಣಿಂದಲೇ ನೋಡುತ್ತೇನೆ. ಆ ದಿನಗಳಲ್ಲಿ ನೀವು ಕೊಪ್ಪಕ್ಕೆ ಬರಬೇಡಿ.

ತ್ರ್ಯಂಬಕ


ಕೊಪ್ಪ, ಆರೈಕೆ ಮನೆ
೧೪ ಏಪ್ರಿಲ್ ೧೯೮೫

ಪೂಜ್ಯ ವಹಾಬ್ ಸಾಹೇಬರಿಗೆ,

ಬರಬೇಡಿ ಎಂದೆ, ನೀವು ನಿಜವಾಗಿಯೂ ಬರಲಿಲ್ಲ. ಮೊನ್ನೆ ಬೆಳಿಗ್ಗೆ ಮಾವ ತೀರಿಕೊಂಡರು. ವಾಸಪ್ಪನ ಕೈಯಲ್ಲಿ ಹೇಳಿಕಳಿಸಿದ್ದು ನಿಮಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕ್ಷಮಿಸಬೇಕು.

ಬಂದ ದಿನವೇ ನಾನು ಒಂದು ಕೆಲಸ ಮಾಡಿದೆ. ಸಿಸ್ಟರ್ ಪಕ್ಕದ ಕೋಣೆಯಲ್ಲಿದ್ದಾಗ ಮಾವನಿಗೆ ಎರಡು ಚಮಚ ಗಂಜಿ ಕುಡಿಸಿದೆ. ನನ್ನ ಕೈಯಿಂದ ಕೊಟ್ಟರೆ ಕುಡಿಯುತ್ತಾರೆ ಎಂಬ ಹಮ್ಮು. ಕುಡಿದರು, ನನಗಾಗಿ. ಆಮೇಲೆ ಬಂದ ಕೆಮ್ಮು, ಆ ಕಣ್ಣು, ನಾನು ಮರೆಯಲಾರೆ. ಸಿಸ್ಟರ್ ಓಡಿ ಬಂದು ಅವರನ್ನು ಮಗ್ಗುಲಾಗಿ ಹೊರಳಿಸಿ, ಬೆನ್ನು ನೀವಿ, ಬಾಯಿ ಒರೆಸಿ ಉಸಿರು ಸರಿಮಾಡಿದರು. ನನ್ನನ್ನು ಬೈಯಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಹೇಳಿದ್ದು ಇಷ್ಟೇ: "ಹಸಿವಾಗ್ತಿರೋದು ಅವ್ರಿಗಲ್ಲ ಅಣ್ಣ, ನಿಮಗೆ. ಅಡುಗೆಮನೇಲಿ ಊಟ ಇದೆ, ಹೋಗಿ."

ನಾನು ಮಾಡಬೇಕಾದದ್ದೇನು ಎಂದು ಕೇಳಿದೆ. "ಎಂತದೂ ಮಾಡ್ಬೇಡಿ. ಕೈ ಹಿಡ್ಕೊಂಡು ಕೂತ್ಕೊಳ್ಳಿ. ಚಿಕ್ಕವರಿದ್ದಾಗ ಅವ್ರು ನಿಮಗೆ ಬೈದದ್ದು ನೆನಪಿದ್ರೆ ಹೇಳಿ, ಅಜ್ಜನಿಗೆ ಖುಷಿಯಾಗ್ತದೆ." ಬೈಗುಳಕ್ಕೇನು ಬರವೇ? ದಿನವಿಡೀ ಹೇಳಿದೆ. ಮಾವ ಭುಜ ಕುಣಿಸಿ ನಕ್ಕರು. ಪೆಪ್ಪರಮಿಂಟಿನ ಬಗ್ಗೆಯೂ ಕೇಳಿದೆ. ಆಗ ಮಾತ್ರ ಮುಖ ಆ ಕಡೆ ತಿರುಗಿಸಿದರು.

ದೂರಿನ ವಿಚಾರಣೆ ನಾನಿರುವಾಗಲೇ ಜಗಲಿಯ ಮೇಲೆ ನಡೆಯಿತು. ಕಮಲಕ್ಕ ಓದಿದರು. ಸಿಸ್ಟರ್ ಉತ್ತರ: "ಬರೆದದ್ದೆಲ್ಲ ನಿಜ. ಮಂಚದ ಮೇಲೆ ಕೂತದ್ದೂ ನಿಜ, ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೋಗಿದ್ದೂ ನಿಜ. ಮುಂದೆಯೂ ಹೀಗೇ ಮಾಡ್ತೀನಿ." ನಾನು ಎದ್ದುನಿಂತು, ಈ ದೂರು ಬರೆದವನು ಏನೂ ತಿಳಿಯದವನು, ಹರಿದುಹಾಕಿ ಎಂದೆ. ಕಮಲಕ್ಕ ಅಲ್ಲೇ ಹರಿದರು.

ಆಮೇಲೆ ಸಿಸ್ಟರ್ ನಗುತ್ತಾ ನನ್ನನ್ನು ತಡೆದರು. "ಕರ್ತವ್ಯಕ್ಕೆ ಶಭಾಷ್ ಇಲ್ಲ ಅನ್ನೋ ಸಾಲು ಕೇಳಿದ್ದೇ ಯಾರು ಬರೆದದ್ದು ಅಂತ ಗೊತ್ತಾಯ್ತು. ನಮ್ಮನೇಲಿ ನಾನು ಶಾಲೆಗೆ ಹೋಗ್ತಿದ್ದಾಗಿಂದ ಅದೇ." ಹಿಂದೆಯೇ ಕೇಳಿದರು: "ನಮ್ಮ ಅಬ್ಬಾ ಒಳ್ಳೇದು ಒಂದಾದ್ರೂ ಬರೆದಿದ್ರಾ?"

ನಿಮ್ಮ ಎಕ್ಸ್‌ಪ್ರೆಸ್ ಕಾಗದ ನನ್ನ ಜೇಬಿನಲ್ಲಿತ್ತು. ಕೊಟ್ಟೆ. ನಿಂತಲ್ಲೇ ಓದಿದರು. ಓದಿ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಂದಾಗ ಕಣ್ಣು ಕೆಂಪಾಗಿತ್ತು, ನಡಿಗೆ ಮಾತ್ರ ನೆಟ್ಟಗಿತ್ತು. ಕಾಗದವನ್ನು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಕೊನೆಯ ದಿನ ನಾನು ಗಾಬರಿಯಲ್ಲಿದ್ದೆ. ನಮ್ಮ ಪದ್ಧತಿಗಳೂ ನೆನಪಾಗಲಿಲ್ಲ. ನೆನಪಿಟ್ಟುಕೊಂಡವರು ಅವರು. ಶೃಂಗೇರಿಯ ಡಾಕ್ಟರ ಕೈಯಲ್ಲಿ ತುಂಗೆಯ ನೀರು ಮೊದಲೇ ತರಿಸಿಟ್ಟಿದ್ದರು. ತುಳಸಿ ಹಾಕಿ, ಉದ್ಧರಣೆಯನ್ನು ನನ್ನ ಕೈಗೆ ಕೊಟ್ಟು, "ತುಟಿಗೆ ಸೋಕಿಸಿದ್ರೆ ಸಾಕು" ಎಂದು ತಾವು ಹಿಂದೆ ಸರಿದು ನಿಂತರು. ಮಾವ ನೋವಿಲ್ಲದೆ, ನನ್ನ ಕೈ ಹಿಡಿದುಕೊಂಡೇ ಹೋದರು. ಸಾಹೇಬರೇ, ಇಂಥ ಮಗಳನ್ನು ಬೆಳೆಸಿದ ನೀವು ಇನ್ನು ಮುಂದಾದರೂ ಬಾಯಿಬಿಟ್ಟು ಹೊಗಳಿ. ನಾನು ನಾಗಪುರದಲ್ಲಿ ಸಿಕ್ಕಿದವರಿಗೆಲ್ಲ ಹೇಳಲಿದ್ದೇನೆ.

ನಿಮ್ಮ
ತ್ರ್ಯಂಬಕ


೭೮೬
ನರಸಿಂಹರಾಜಪುರ
೨೪ ಜೂನ್ ೧೯೮೫

ಪ್ರೀತಿಯ ತ್ರ್ಯಂಬಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ಕೋಪದಿಂದ. ನಾನು ನಿನಗೆ ಬರೆದದ್ದನ್ನು ಯಾರ ಅಪ್ಪಣೆ ಕೇಳಿ ಅವಳಿಗೆ ತೋರಿಸಿದೆ? ಎರಡು ತಿಂಗಳಿಂದ ತಾಯಿ ಮಗಳು ನನ್ನನ್ನು ನೋಡಿ ಮುಸಿಮುಸಿ ನಗುತ್ತಾರೆ. ಈಗ ಕೋಪ ಇಳಿದಿದೆ.

ಗಣಪಯ್ಯನವರಿಗೆ ಮಣ್ಣು ಕೊಡಲೋ ನೀರು ಬಿಡಲೋ ನನಗೆ ಆಗಲಿಲ್ಲ. ಜಯಪುರಕ್ಕೆ ಹೋಗಿ ಅವರ ಬುಕಿಂಗ್ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬಂದೆ. ಮುಂದಿನ ಸೀಟು ಕಾದಿಟ್ಟು ಕರೆಯುತ್ತಿದ್ದ ಮನುಷ್ಯ. ಬಹಳ ಬೇಜಾರಾಯಿತು.

ಈದ್ ಹಬ್ಬಕ್ಕೆ ಬಿಲ್ಕಿಸ್ ಒಂದು ದಿನದ ಮಟ್ಟಿಗೆ ಬಂದಿದ್ದಳು. ನಮಾಜು ಮುಗಿಸಿ ಹೊರಗೆ ಬರುವಾಗ ಯಾರೋ, ಮಗಳು ಈಗಲೂ ಅದೇ ಕೆಲಸದಲ್ಲಿದ್ದಾಳಾ ಎಂದು ಕೇಳಿದರು. ಮೊದಲಾದರೆ 'ಹೂಂ' ಎಂದು ಚಪ್ಪಲಿ ಹುಡುಕುತ್ತಿದ್ದೆ. ಈ ಸಲ ಅಲ್ಲೇ ನಿಂತು ಬಸ್ ಸ್ಟ್ಯಾಂಡಿನ ಕಥೆಯಿಂದ ಶುರುಮಾಡಿದೆ. ಕೇಳಿದವರ ಮನೆಯ ಊಟ ತಡವಾಯಿತು.

ಮನೆಗೆ ಬಂದು ಖೀರು ಕುಡಿಯುವಾಗ ಅವಳಿಗೆ ಹೇಳಿದೆ: ನನಗೂ ಒಂದು ದಿನ ಕಾಲ ಬರುತ್ತದೆ. ಆಗ ಗಣಪಯ್ಯನವರು ಮಲಗಿದ್ದ ಕಿಟಕಿ ಪಕ್ಕದ ಮಂಚ ನನಗೆ ಇಡು. ಬೇರೆಲ್ಲಿಗೂ ನಾನು ಹೋಗುವವನಲ್ಲ. ಅಮೀರ್ ಬೀ ಹಬ್ಬದ ದಿನ ಇದೆಂಥ ಮಾತೆಂದು ಚಮಚ ಕೆಳಗಿಟ್ಟಳು.

ಬಿಲ್ಕಿಸ್ ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೆ ಎಂದುಕೊಂಡೆ. "ಅದು ಹಾಗೆಲ್ಲ ಇಡಕ್ಕಾಗಲ್ಲ ಅಬ್ಬಾ" ಎಂದಳು. "ಆ ದಿನ ಯಾರಿಗೆ ನೋವು ಜಾಸ್ತಿಯೋ ಅವ್ರಿಗೆ ಮಂಚ. ನೀವೂ ಸಾಲಲ್ಲೇ ಬರ್ಬೇಕು."

ಸ್ವಂತ ಅಪ್ಪನಿಗೆ, ಹಬ್ಬದ ದಿನ, ಮುಖಕ್ಕೆ ಹೊಡೆದ ಹಾಗೆ ಹೇಳಿದಳು! ಎದೆ ತುಂಬಿ ಬಂದು ನಾನು ಇನ್ನೊಂದು ಬಟ್ಟಲು ಖೀರು ಕೇಳಿ ಹಾಕಿಸಿಕೊಂಡೆ, ತ್ರ್ಯಂಬಕ. ಆ ಮನೆ ಹೇಗಿದೆ ಎಂದು ನೀನು ಫೆಬ್ರವರಿಯಲ್ಲಿ ಕೇಳಿದ್ದಕ್ಕೆ ಇದು ನನ್ನ ಉತ್ತರ. ಇದನ್ನು ಕಮಿಟಿಗೆ ಕಳಿಸುವುದಾದರೆ ಕಳಿಸು, ಹೆಸರು ಅಳಿಸಬೇಡ.

ಅಬ್ದುಲ್ ವಹಾಬ್
ಸಿಸ್ಟರ್ ಬಿಲ್ಕಿಸಳ ಅಪ್ಪ